ಸರದಿ ಸಾಲಿನಲ್ಲಿ ಹುಟ್ಟಿದ ಊರು

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಜಯನಗರದಿಂದ ದೇವನಹಳ್ಳಿ ಮುಟ್ಟುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. 2022ರ ಜೂನ್ ತಿಂಗಳ ಕೊನೆ. ಪಕ್ಕದ ಸೀಟಿನಲ್ಲಿ ಕೊಲಂಬೊದ ನಡುವಯಸ್ಸಿನ ಹೆಂಗಸೊಬ್ಬರು ಕೂತಿದ್ದಾರೆ. ಮಡಿಲಲ್ಲಿಟ್ಟುಕೊಂಡ ಚೀಲದ ತುಂಬ ಬೆಂಗಳೂರಿನ ಮೆಡಿಕಲ್ ಶಾಪಿನಲ್ಲಿ ಕೊಂಡ ಮಾತ್ರೆಗಳು. ಅಮ್ಮನ ಬಿ.ಪಿ.ಗೆ, ಅತ್ತೆಯ ಥೈರಾಯ್ಡ್‌ಗೆ, ಪಕ್ಕದ ಮನೆ ಹುಡುಗನ ಫಿಟ್ಸ್‌ಗೆ. ಹೊರಡುವಾಗ ಬೀದಿಯವರೆಲ್ಲ ಚೀಟಿ ಬರೆದು ಕೊಟ್ಟಿದ್ದರಂತೆ. "ನಮ್ಮ ಬೀದಿಯಲ್ಲಿ ಈಗ ಎಲ್ಲರಿಗೂ ಎಲ್ಲರ ಕಾಯಿಲೆ ಗೊತ್ತು" ಎಂದು ಅವರು ನಗುತ್ತಾರೆ. ಔಷಧಿಯೂ ಸಿಗದ ದೇಶಕ್ಕೆ ಮರಳುತ್ತಿರುವವರ ಮುಖದಲ್ಲಿ ಇಂಥ ನಗು ಹೇಗೆ ಉಳಿದಿದೆ ಎಂದು ಬೆರಗಾಗುತ್ತದೆ.

ಕಟುನಾಯಕೆ ವಿಮಾನ ನಿಲ್ದಾಣ ಫಳಫಳ ಹೊಳೆಯುತ್ತಿದೆ, ಆದರೆ ಹೊರಗೆ ಟ್ಯಾಕ್ಸಿಗಳಿಲ್ಲ. ಇಲ್ಲಿಂದ ದೂರದೇಶಗಳಿಗೆ ಹಾರುವ ವಿಮಾನಗಳೇ ಇಂಧನ ತುಂಬಿಸಿಕೊಳ್ಳಲು ತಿರುವನಂತಪುರದಲ್ಲೋ ಕೊಚ್ಚಿಯಲ್ಲೋ ಇಳಿದು ಹೋಗುತ್ತಿರುವಾಗ ಟ್ಯಾಕ್ಸಿಗೆ ಪೆಟ್ರೋಲ್ ಎಲ್ಲಿಂದ ಬಂದೀತು! ನಮ್ಮ ಒಂದು ರೂಪಾಯಿಗೆ ಅವರ ನಾಲ್ಕೂವರೆ ರೂಪಾಯಿ ಸಿಗುತ್ತದೆ. ದಪ್ಪ ಕಂತೆ ನೋಟು ಜೇಬಿಗಿಳಿಸಿ ಬಸ್ಸು ಹತ್ತುತ್ತೇನೆ. ನಮ್ಮ ಮೆಜೆಸ್ಟಿಕ್ ಬಸ್ಸುಗಳ ನೂಕುನುಗ್ಗಲು ಕಂಡ ನನಗೂ ಇಲ್ಲಿ ಎರಡೂ ಕಾಲು ಊರಲು ಜಾಗ ಸಿಗುವುದು ಅರ್ಧ ದಾರಿ ಕಳೆದ ಮೇಲೆ. ಆದರೂ ನನ್ನ ಚೀಲವನ್ನು ಯಾರೋ ಕೇಳದೆಯೇ ತೆಗೆದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದಾರೆ.

ಕಿಟಕಿಯಾಚೆ ರಸ್ತೆಯಂಚಿಗೆ ವಾಹನಗಳ ಸಾಲು ಶುರುವಾಗುತ್ತದೆ. ಆಟೊ, ಕಾರು, ವ್ಯಾನು, ಲಾರಿ, ಮತ್ತೆ ಆಟೊ. ಒಂದು ಸಾಲು ಮುಗಿಯಿತು ಎನ್ನುವಷ್ಟರಲ್ಲಿ ಮುಂದಿನ ಬಂಕಿನ ಸಾಲಿನ ಬಾಲ ಕಾಣುತ್ತದೆ. ಚಾಲಕರ ಸೀಟಿನಲ್ಲಿ ಯಾರೂ ಇಲ್ಲ. ಕೆಲವರು ಮರದಡಿ ಮಲಗಿದ್ದಾರೆ, ಕೆಲವರು ಕೇರಂ ಆಡುತ್ತಿದ್ದಾರೆ. ನಡುವೆ ಒಂದೆಡೆ 'ಲಂಕಾ ಐಒಸಿ' ಎಂಬ ನಮ್ಮ ಇಂಡಿಯನ್ ಆಯಿಲ್‌ನವರ ಪರಿಚಿತ ಫಲಕ. ಜೂನ್ 28ರಿಂದ ಅಗತ್ಯ ಸೇವೆಯವರನ್ನು ಬಿಟ್ಟು ಬೇರಾರಿಗೂ ಇಂಧನ ಇಲ್ಲ ಎಂದು ಸರ್ಕಾರ ಸಾರಿದೆ. ವರ್ಷದ ಆರಂಭದಲ್ಲಿ ಲೀಟರಿಗೆ 177 ರೂಪಾಯಿಯಿದ್ದ ಪೆಟ್ರೋಲು ಮಾರ್ಚಿನಲ್ಲಿ 254, ಏಪ್ರಿಲ್‌ನಲ್ಲಿ 338, ಮೇನಲ್ಲಿ 420, ಈಗ 470. ಅಷ್ಟು ಕೊಡುತ್ತೇನೆಂದರೂ ಸಿಗುವುದಿಲ್ಲ.

ನಾನು ಉಳಿದುಕೊಂಡ ಮನೆ ಬಂಬಲಪಿಟಿಯದ ಒಂದು ಗಲ್ಲಿಯಲ್ಲಿದೆ. ಗಲ್ಲಿಯ ಬಾಯಲ್ಲೇ ಬಂಕಿನ ಸಾಲು ಹಾದುಹೋಗುತ್ತದೆ. ಮೊದಲ ಸಂಜೆಯೇ ಆಟೊ ಓಡಿಸುವ ಒಬ್ಬರ ಪರಿಚಯವಾಗುತ್ತದೆ. ಮೊನ್ನೆಯಿಂದ ಇಲ್ಲೇ ಇದ್ದಾರೆ. ಸೈನಿಕರು ಕೊಟ್ಟ ಟೋಕನ್ನನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸ್ಟೀರಿಂಗ್ ಪಕ್ಕದ ಬುದ್ಧನ ಪಟಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದಾರೆ. ಅವರ ಹಿಂದಿನ ಕಾರು ಒಬ್ಬ ದಂತವೈದ್ಯರದು, ಮುಂದಿನ ಮೋಟರ್ ಸೈಕಲ್ಲು ಮಸೀದಿಯ ಪಕ್ಕ ಬಟ್ಟೆ ಅಂಗಡಿ ಇಟ್ಟಿರುವವರದು. ಒಬ್ಬರು ಸ್ನಾನಕ್ಕೆ ಮನೆಗೆ ಹೋದರೆ ಉಳಿದಿಬ್ಬರು ಅವರ ಗಾಡಿಯನ್ನೂ ತಳ್ಳುತ್ತಾರೆ. "ಇಪ್ಪತ್ತು ವರ್ಷ ಇದೇ ರಸ್ತೆಯಲ್ಲಿ ಬಾಡಿಗೆ ಹೊಡೆದಿದ್ದೀನಿ. ಈ ದೊಡ್ಡ ಗೇಟಿನೊಳಗೆ ಯಾರಿದ್ದಾರೆ ಅಂತ ಗೊತ್ತಿರಲಿಲ್ಲ. ಈಗ ಅಲ್ಲಿಂದ ದಿನಾ ಚಹಾ ಬರುತ್ತೆ" ಎನ್ನುತ್ತಾರೆ, ತಮಿಳು ಇಂಗ್ಲಿಷು ಬೆರೆಸಿ. ಒಂದು ಬ್ರೆಡ್ಡನ್ನು ಮೂವರೂ ಹರಿದು ತಿನ್ನುತ್ತಿರುವಾಗಲೇ ಇದನ್ನು ಹೇಳುತ್ತಾರೆ.

ಮನೆಯೊಡತಿ ನಿವೃತ್ತ ಶಿಕ್ಷಕಿ. ಹೆಸರು ಹಿಡಿದು ಕರೆದರೆ ಒಪ್ಪುವುದಿಲ್ಲ. 'ಅಕ್ಕಾ' ಎಂದರೆ ಮುಖ ಅರಳುತ್ತದೆ, ಸಿಂಹಳದಲ್ಲೂ ಅಕ್ಕ ಅಕ್ಕನೇ. ಗ್ಯಾಸ್ ಸಿಲಿಂಡರ್ ಖಾಲಿಯಾಗಿ ವಾರಗಳಾಗಿವೆ. ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು, ತೆಂಗಿನ ಗರಿ ಉರಿಸಿ ಅಡುಗೆ. ಬೆಳಿಗ್ಗೆ ಬ್ರೆಡ್ಡು ಮತ್ತು ಪೊಲ್ ಸಂಬೋಲ. ಹಸಿ ಕೊಬ್ಬರಿ, ಒಣಮೆಣಸು, ಸಣ್ಣ ಈರುಳ್ಳಿ, ನಿಂಬೆರಸ ಸೇರಿಸಿ ಅರೆದದ್ದು. ನಮ್ಮ ಮಲೆನಾಡಿನ ಗಟ್ಟಿ ಚಟ್ನಿ ತಿಂದವರಿಗೆ ಹೊಸ ರುಚಿಯಲ್ಲ, ಆದರೆ ಕಣ್ಣಲ್ಲಿ ನೀರು ಬರಿಸುವುದರಲ್ಲಿ ಅದನ್ನು ಮೀರಿಸುತ್ತದೆ. ದಿನಕ್ಕೆ ಮೂರು ಗಂಟೆ ಕರೆಂಟ್ ಇಲ್ಲ. ಮಾರ್ಚ್ ಕೊನೆಯಲ್ಲಿ ಹದಿಮೂರು ಗಂಟೆ ಇರಲಿಲ್ಲವಂತೆ. ರಾತ್ರಿ ಫ್ಯಾನು ನಿಂತ ಮರುಕ್ಷಣ ಕೊಲಂಬೊದ ಸೊಳ್ಳೆಗಳು ಸೊಳ್ಳೆಪರದೆಯೊಳಗೂ ದಾರಿ ಕಂಡುಕೊಳ್ಳುತ್ತವೆ. ಎಲ್ಲರೂ ಮೊಗಸಾಲೆಗೆ ಬಂದು ಕೂರುತ್ತೇವೆ. ಪಾಠ ಶುರುವಾಗುತ್ತದೆ.

ಅಕ್ಕ ಲೆಕ್ಕ ಬಿಡಿಸಿ ಹೇಳುತ್ತಾರೆ. 2019ರ ಈಸ್ಟರ್ ಭಾನುವಾರದ ಬಾಂಬ್ ಸ್ಫೋಟಗಳಿಗೆ ಬೆದರಿ ಪ್ರವಾಸಿಗರು ನಿಂತರು. ಆ ವರ್ಷದ ನವೆಂಬರಿನಲ್ಲಿ ಗೊಟಬಯ ರಾಜಪಕ್ಸ 69 ಲಕ್ಷ ಮತ ಪಡೆದು ಅಧ್ಯಕ್ಷರಾದರು. ಬಂದವರೇ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ 8ಕ್ಕೆ ಇಳಿಸಿದರು, ಖಜಾನೆ ಬರಿದಾಯಿತು. ಮೇಲೆ ಕೋವಿಡ್. 2021ರ ಮೇನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಷೇಧಿಸಿದರು. ರೈತರು ಬೇಡವೆಂದು ಕೂಗಿಕೊಂಡರೂ ನವೆಂಬರಿನವರೆಗೆ ಕಿವಿಗೊಡಲಿಲ್ಲ. ಅಷ್ಟರಲ್ಲಿ ಭತ್ತದ ಗದ್ದೆ, ಚಹಾ ತೋಟ ಎರಡೂ ಸೊರಗಿದ್ದವು. ಹೊರದೇಶಗಳಿಗೆ ಕೊಡಬೇಕಾದ ಸಾಲ 5,100 ಕೋಟಿ ಡಾಲರ್. ದೇಶದ ಜನಸಂಖ್ಯೆ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, 2.2 ಕೋಟಿ. ಏಪ್ರಿಲ್ 12ರಂದು, ಸಾಲ ತೀರಿಸಲಾರೆವು ಎಂದು ಸರ್ಕಾರ ಕೈಚೆಲ್ಲಿತು. ಮೇ ಮೊದಲ ವಾರ ಬಳಸಬಹುದಾದ ವಿದೇಶಿ ವಿನಿಮಯ 5 ಕೋಟಿ ಡಾಲರೂ ಇಲ್ಲವೆಂದು ಹಣಕಾಸು ಸಚಿವರೇ ಸಂಸತ್ತಿನಲ್ಲಿ ಹೇಳಿದರು. "ಮಾರ್ಚಿನಲ್ಲಿ ಕಾಗದ ಇಲ್ಲ ಅಂತ ಮಕ್ಕಳ ಪರೀಕ್ಷೆ ಮುಂದೂಡಿದರು. ನಾನು ಮೂವತ್ತು ವರ್ಷ ಪಾಠ ಹೇಳಿದವಳು. ಅವತ್ತು ನಾನೂ ಬೀದಿಗೆ ಬಂದೆ" ಎನ್ನುತ್ತಾರೆ ಅಕ್ಕ.

ಮರುದಿನ ಕಡಲ ದಂಡೆಯುದ್ದಕ್ಕೂ ಉತ್ತರಕ್ಕೆ ನಡೆಯುತ್ತೇನೆ. ಆಟೊ ಇಲ್ಲದ ಊರಿನಲ್ಲಿ ಕಾಲೇ ಗತಿ. ಮಧ್ಯಾಹ್ನದ ಬಿಸಿಲಿಗೆ ಅಂಗಿ ಎರಡು ಸಲ ತೊಯ್ದು ಒಣಗುತ್ತದೆ. 1864ರ ಗಾಲ್ ಫೇಸ್ ಹೋಟೆಲ್ ದಾಟಿದರೆ ಕಣ್ಣೆದುರು ಗಾಲ್ ಫೇಸ್ ಬಯಲು. ಬ್ರಿಟಿಷ್ ಗವರ್ನರ್ ಹೆನ್ರಿ ವಾರ್ಡ್ 1859ರಲ್ಲಿ ಇಲ್ಲಿನ ವಿಹಾರಪಥ ಮುಗಿಸಿದ. ಒಂದು ಬದಿಗೆ ಹಿಂದೂ ಮಹಾಸಾಗರ, ಇನ್ನೊಂದು ಬದಿಗೆ ಐಷಾರಾಮಿ ಹೋಟೆಲು ಮಾಲುಗಳು, ತುದಿಯಲ್ಲಿ ಕಂಬಗಳ ಸಾಲಿನ ಹಳೆಯ ಸಂಸತ್ ಭವನ. ಅದೀಗ ಅಧ್ಯಕ್ಷರ ಕಾರ್ಯಾಲಯ. ಅದರ ಬಾಗಿಲಿಗೇ ಎದುರಾಗಿ ಡೇರೆಗಳ ಒಂದು ಊರು ಎದ್ದು ನಿಂತಿದೆ. ಹೆಸರು 'ಗೊಟಗೋಗಮ'. ಗಮ ಎಂದರೆ ಹಳ್ಳಿ. ಗೊಟಬಯ ಮನೆಗೆ ಹೋಗಲಿ ಎಂದು ಕೂಗುವವರ ಹಳ್ಳಿ. ಗೂಗಲ್ ನಕ್ಷೆಯಲ್ಲೂ ಅದು ಸೇರಿಕೊಂಡಿದೆ.

ಏಪ್ರಿಲ್ 9ರಂದು ಜನ ಇಲ್ಲಿ ಸೇರಿದರು. ಸಂಜೆ ಮಳೆ ಬಂದರೂ ಮನೆಗೆ ಹೋಗಲಿಲ್ಲ. ಯಾವ ಪಕ್ಷವೂ ಕರೆದದ್ದಲ್ಲ, ವೇದಿಕೆಯ ಮೇಲೆ ಒಬ್ಬ ನಾಯಕನೂ ಇಲ್ಲ. ಬೆಂಗಳೂರಿನಲ್ಲಿ ಪ್ರತಿಭಟನೆಯೆಂದರೆ ಈಗ ಫ್ರೀಡಂ ಪಾರ್ಕಿನೊಳಗೆ ಮಾತ್ರ. ಪೊಲೀಸರ ಅನುಮತಿ ಪಡೆದು, ಸಂಜೆ ಶಾಮಿಯಾನ ಬಿಚ್ಚಿ ಹೋಗಬೇಕು. ಅದನ್ನೇ ನೋಡುತ್ತ ಬಂದ ನನಗೆ, ರಾಷ್ಟ್ರಾಧ್ಯಕ್ಷರ ಕಚೇರಿಯ ಮೆಟ್ಟಿಲ ಬುಡದಲ್ಲಿ ತಿಂಗಳುಗಟ್ಟಲೆ ಸಂಸಾರ ಹೂಡಿದ ಜನರನ್ನು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಏಪ್ರಿಲ್‌ನ ಜನಸಾಗರ ಈಗಿಲ್ಲ, ಹಲವು ಡೇರೆ ಖಾಲಿ. ಆದರೂ ಊರು ಊರಾಗಿಯೇ ಇದೆ. ಪ್ರಥಮ ಚಿಕಿತ್ಸೆಯ ಡೇರೆ, ವಕೀಲರ ಡೇರೆ, ಕಲಾವಿದರ ಡೇರೆ, ಸೋಲಾರ್ ಫಲಕದಿಂದ ಮೊಬೈಲ್ ಚಾರ್ಜ್ ಮಾಡಿಕೊಡುವ ಡೇರೆ, ಸಂಜೆ ಪಾಠ ನಡೆಯುವ ಜನತಾ ವಿಶ್ವವಿದ್ಯಾಲಯ, ಪೊಲೀಸರು ಸಿಡಿಸಿದ ಅಶ್ರುವಾಯುವಿನ ಹೆಸರನ್ನೇ ಹೊತ್ತ ಚಿತ್ರಮಂದಿರ. ಯಾರೋ ತರಕಾರಿ ಪಾತಿ ಕೂಡ ಮಾಡಿದ್ದಾರೆ.

ನನ್ನ ಕಾಲು ತಾನಾಗಿ ಗ್ರಂಥಾಲಯದ ಡೇರೆಯತ್ತ ಹೋಗುತ್ತದೆ. ಸಿಂಹಳ, ತಮಿಳು, ಇಂಗ್ಲಿಷ್ ಪುಸ್ತಕಗಳು ಒಂದರ ಪಕ್ಕ ಒಂದು, ಎಲ್ಲ ಜನ ಕೊಟ್ಟವು. ಕಡಲ ಗಾಳಿಯ ಉಪ್ಪಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ವಿದ್ಯಾರ್ಥಿನಿಯೊಬ್ಬಳು ದಪ್ಪ ನಿಘಂಟನ್ನು ಮೊಣಕಾಲ ಮೇಲಿಟ್ಟುಕೊಂಡು, ಬೆರಳ ತುದಿಯನ್ನು ಒದ್ದೆ ಮಾಡಿಕೊಳ್ಳದೆ, ಒಣ ಉಗುರಿನಿಂದಲೇ ಹಾಳೆ ಹಾಳೆ ಬಿಡಿಸುತ್ತಿದ್ದಾಳೆ. ಒಂದು ಹಾಳೆಯೂ ಹರಿಯುವುದಿಲ್ಲ. ಯಾರು ಬೇಕಾದರೂ ಪುಸ್ತಕ ಒಯ್ಯಬಹುದೇ ಎಂದು ಕೇಳಿದರೆ ಹೌದು ಎನ್ನುತ್ತಾಳೆ. ತಿರುಗಿ ತರದಿದ್ದರೆ? "ಓದಿದರೆ ಸಾಕು." ಮಾತು ಜಾಫ್ನಾದ ಗ್ರಂಥಾಲಯದತ್ತ ತಿರುಗುತ್ತದೆ. 1981ರಲ್ಲಿ ಅದಕ್ಕೆ ಬೆಂಕಿ ಬಿದ್ದು ಸುಮಾರು 97,000 ಪುಸ್ತಕಗಳು ಬೂದಿಯಾದವು. ಅದನ್ನು ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ, ಈ ಡೇರೆಗೆ ಬಂದ ತಮಿಳು ಗೆಳೆಯನಿಂದ ತಿಳಿಯಿತು ಎಂದು ಆ ಸಿಂಹಳ ಹುಡುಗಿ ಹೇಳುವಾಗ ಅವಳ ದನಿ ಸಣ್ಣದಾಗುತ್ತದೆ.

ಇಂಥ ಕಲಿಕೆಯೇ ಈ ಊರಿನ ದೊಡ್ಡ ಬೆಳೆ ಎಂದು ನನಗೆ ಅನಿಸುತ್ತಾ ಹೋಗುತ್ತದೆ. ಏಪ್ರಿಲ್‌ನಲ್ಲಿ ರಂಜಾನ್ ಉಪವಾಸ ಬಂದಾಗ ಬೌದ್ಧರೂ ಕ್ರೈಸ್ತರೂ ಮುಸ್ಲಿಮರೊಡನೆ ಇಲ್ಲಿ ಇಫ್ತಾರ್‌ಗೆ ಕೂತರು. ಈಸ್ಟರ್ ಸ್ಫೋಟದಲ್ಲಿ ಸತ್ತವರಿಗಾಗಿ ನ್ಯಾಯ ಕೇಳಿ ದೀಪ ಹಚ್ಚಿದರು. ಮೇ 18ರಂದು, ಮುಳ್ಳಿವಾಯ್ಕಾಲ್‌ನಲ್ಲಿ ಅಂತರ್ಯುದ್ಧದ ಕೊನೆಯ ದಿನಗಳಲ್ಲಿ ಮಡಿದ ತಮಿಳರ ನೆನಪಿಗೆ ಗಂಜಿ ಹಂಚಿದರು. ಅದೇ ದಿನವನ್ನು ರಾಜಧಾನಿ ಅಲ್ಲಿಯವರೆಗೆ ವಿಜಯೋತ್ಸವವಾಗಿ ಕಂಡಿತ್ತು. ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರ ಡೇರೆಯೂ ಇದೇ ಬಯಲಿನಲ್ಲಿದೆ. ಆದರೆ ಉತ್ತರದ ತಮಿಳರಲ್ಲಿ ಅನೇಕರು ಈ ಊರಿಗೆ ಬರಲಿಲ್ಲ. ಕಿಲಿನೊಚ್ಚಿಯಲ್ಲಿ ಕಾಣೆಯಾದವರ ತಾಯಂದಿರು 2017ರ ಫೆಬ್ರುವರಿಯಿಂದ ರಸ್ತೆಬದಿ ಕೂತಿದ್ದರು. ಆಗ ಕೊಲಂಬೊ ಎಲ್ಲಿತ್ತು ಎಂದು ಅವರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು.

ಸಂಜೆ ಇಸ್ಸೋ ವಡೆಯ ಗಾಡಿಯ ಬಳಿ ನಿಲ್ಲುತ್ತೇನೆ. ಬೇಳೆವಡೆಯ ನೆತ್ತಿಯ ಮೇಲೆ ಇಡೀ ಸೀಗಡಿ ಕೂತಿರುತ್ತದೆ. ಮದ್ದೂರು ವಡೆಯ ನಾಡಿನವನಿಗೆ ಇದೊಂದು ಸೋಜಿಗ. ಪಕ್ಕದ ಬೆಂಚಿನಲ್ಲಿ ಕೂತ ಎಪ್ಪತ್ತು ದಾಟಿದ ಹಿರಿಯರು ಬಂದರಿನತ್ತ ಕೈ ತೋರಿಸಿ 1953ರ ಹರತಾಳದ ಕಥೆ ತೆಗೆಯುತ್ತಾರೆ. ಸರ್ಕಾರ ಅಕ್ಕಿಯ ಸಹಾಯಧನ ಕಿತ್ತು, ಒಂದು ಅಳತೆಗೆ 25 ಸೆಂಟ್ ಇದ್ದುದನ್ನು 70ಕ್ಕೆ ಏರಿಸಿತು. ಆಗಸ್ಟ್ 12ರಂದು ದೇಶವೇ ನಿಂತಿತು. ಮಂತ್ರಿಮಂಡಲ ನೆಲದ ಮೇಲೆ ಸಭೆ ಸೇರಲು ಅಂಜಿ, ಬಂದರಿನಲ್ಲಿ ನಿಂತಿದ್ದ ಎಚ್‌ಎಂಎಸ್ ನ್ಯೂಫೌಂಡ್‌ಲ್ಯಾಂಡ್ ಎಂಬ ಬ್ರಿಟಿಷ್ ಯುದ್ಧನೌಕೆ ಹತ್ತಿತು. ಕೆಲ ತಿಂಗಳಲ್ಲೇ ಪ್ರಧಾನಿ ಡಡ್ಲಿ ಸೇನಾನಾಯಕೆ ರಾಜೀನಾಮೆ ಕೊಟ್ಟರು. "ಆಗ ನಾನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ. ಈಗ ಮೊಮ್ಮಗಳ ಕೈ ಹಿಡಿದು ಬಂದಿದ್ದೇನೆ" ಎನ್ನುತ್ತಾರೆ ಹಿರಿಯರು.

ಕೊಲಂಬೊ ಕೋಟೆ ನಿಲ್ದಾಣದಿಂದ ಬೆಟ್ಟದ ಕಡೆಗೆ ರೈಲು ಹತ್ತುತ್ತೇನೆ. ಪೆಟ್ರೋಲ್ ಇಲ್ಲದ ದೇಶಕ್ಕೆ ರೈಲೇ ದೇವರು. ನನ್ನ ಟಿಕೆಟ್ಟಿನ ಸೀಟಿನಲ್ಲಿ ಮೂವರು ಮಕ್ಕಳು ಮಲಗಿದ್ದಾರೆ, ನಾನು ಬಾಗಿಲಲ್ಲಿ ಕೂತು ಕಾಲು ಇಳಿಬಿಡುತ್ತೇನೆ. ಅದರಿಂದ ಲಾಭವೇ ಆಗುತ್ತದೆ. ಭತ್ತದ ಗದ್ದೆ, ತೆಂಗು, ಹಲಸು, ಮೆಣಸಿನ ಬಳ್ಳಿ ಹಬ್ಬಿದ ಮರ, ಎಲ್ಲವೂ ನಮ್ಮ ದಕ್ಷಿಣ ಕನ್ನಡವೇ. ಘಟ್ಟ ಶುರುವಾಗುವ ರಂಬುಕ್ಕನದಲ್ಲಿ ರೈಲು ನಿಂತಾಗ ಬೋಗಿ ಸುಮ್ಮನಾಗುತ್ತದೆ. ಏಪ್ರಿಲ್ 19ರಂದು, ಪೆಟ್ರೋಲ್ ಬೆಲೆ 338ಕ್ಕೆ ಏರಿದ ಬೆಳಿಗ್ಗೆ, ಜನ ಇಲ್ಲಿನ ಹಳಿಯ ಮೇಲೆ ಕೂತರು. ಪೊಲೀಸರು ಗುಂಡು ಹಾರಿಸಿದರು. ಇಬ್ಬರು ಮಕ್ಕಳ ತಂದೆಯೊಬ್ಬ ಸತ್ತ. ನನಗೆ ನವಲಗುಂದ, ನರಗುಂದ ನೆನಪಾಗುತ್ತವೆ. 1980ರ ಜುಲೈ 21ರಂದು ಮಲಪ್ರಭಾ ನೀರಿನ ಕರ ಕೊಡಲಾರೆವೆಂದ ರೈತರ ಮೇಲೆ ನಮ್ಮಲ್ಲೂ ಗೋಲಿಬಾರ್ ಆಗಿತ್ತು. ಅಂದು ಗುಂಡು ಹಾರಿಸಿದ ಸರ್ಕಾರ 1983ರ ಚುನಾವಣೆಯಲ್ಲಿ ಬಿದ್ದುಹೋಯಿತು. ಎದುರು ಕೂತವರಿಗೆ ಅದನ್ನು ಹೇಳುತ್ತೇನೆ. ಅವರು ಆ ಇಸವಿಯನ್ನು ಮತ್ತೊಮ್ಮೆ ಹೇಳಿಸಿಕೊಂಡು, "ಮೂರು ವರ್ಷ" ಎಂದು ಬೆರಳು ಮಡಿಚುತ್ತಾರೆ.

ಹ್ಯಾಟನ್ನಿನ ಚಹಾ ತೋಟಗಳು ಮಂಜಿನಲ್ಲಿ ಮುಳುಗಿವೆ. ಕೂಲಿಯವರ ಮನೆಗಳಿಗೆ ಇಲ್ಲೂ 'ಲೈನು' ಎನ್ನುತ್ತಾರೆ, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳ ಹಾಗೆಯೇ. ಎರಡೂ ಬ್ರಿಟಿಷರ ಕಾಲದವು. ತಮಿಳುನಾಡಿನಿಂದ ಕರೆತಂದ ಈ ಜನರ ಪೌರತ್ವವನ್ನೇ 1948ರ ಕಾಯ್ದೆ ಕಿತ್ತುಕೊಂಡಿತ್ತು. ಈಗ ದಿನಕ್ಕೆ 1,000 ರೂಪಾಯಿ ಕೂಲಿ, ನಮ್ಮ ಲೆಕ್ಕದಲ್ಲಿ ಇನ್ನೂರಿಪ್ಪತ್ತರ ಆಸುಪಾಸು. ಗೊಬ್ಬರ ಕಾಣದ ಗಿಡದಲ್ಲಿ ಚಿಗುರಿಲ್ಲ, ಚಿಗುರಿಲ್ಲದೆ ಕಿಲೋ ತುಂಬುವುದಿಲ್ಲ, ಕಿಲೋ ತುಂಬದಿದ್ದರೆ ಪೂರ್ತಿ ಕೂಲಿಯಿಲ್ಲ. ಎಲೆ ಕೀಳುವ ಒಬ್ಬ ಅಮ್ಮ, ನಾನು ಕರ್ನಾಟಕದವನೆಂದು ತಿಳಿದದ್ದೇ ಬುಟ್ಟಿ ಕೆಳಗಿಟ್ಟು, "ಸುಳ್ಯ ಗೊತ್ತಾ ತಂಬಿ?" ಎಂದು ತಮಿಳಿನಲ್ಲಿ ಕೇಳುತ್ತಾರೆ. ನಾನು ದಂಗಾಗುತ್ತೇನೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಂತೆ ಭಾರತಕ್ಕೆ ಕಳುಹಿಸಲ್ಪಟ್ಟ ಕುಟುಂಬಗಳಲ್ಲಿ ಕೆಲವಕ್ಕೆ ನಮ್ಮ ಸರ್ಕಾರ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟಿತ್ತು. ಈ ಅಮ್ಮನ ಚಿಕ್ಕಮ್ಮ ಹಾಗೆ ಹೋದವರು. ಇಂಥ ಕಷ್ಟದಲ್ಲೂ ಮಧ್ಯಾಹ್ನದ ಗೋಧಿ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಡುತ್ತಾರೆ. ಬೇಡ ಎನ್ನಲು ಬಾಯಿ ಬರುವುದಿಲ್ಲ.

ಜುಲೈ 8ರ ರಾತ್ರಿ ಕ್ಯಾಂಡಿಯಲ್ಲಿದ್ದೇನೆ. ಮರುದಿನ ದೇಶವೆಲ್ಲ ಕೊಲಂಬೊಗೆ ಬರಬೇಕೆಂಬ ಕರೆಯಿದೆ. ಒಂಬತ್ತು ಗಂಟೆಗೆ ರಾಜಧಾನಿಯ ಸುತ್ತ ಪೊಲೀಸ್ ಕರ್ಫ್ಯೂ. ಹೀಗೆ ಕರ್ಫ್ಯೂ ಹೇರಲು ಕಾನೂನೇ ಇಲ್ಲವೆಂದು ವಕೀಲರ ಸಂಘ ಸಿಡಿದೆದ್ದ ಮೇಲೆ ಬೆಳಿಗ್ಗೆ ಅದು ರದ್ದಾಗುತ್ತದೆ. ನಿಲ್ದಾಣಕ್ಕೆ ಬಂದರೆ ನಾನು ಕಂಡ ನೋಟವನ್ನು ಹೇಗೆ ಹೇಳಲಿ! ಪ್ಲಾಟ್‌ಫಾರ್ಮ್ ತುಂಬ ಜನ, ಕೈಯಲ್ಲಿ ಸಿಂಹದ ಬಾವುಟ, ರೈಲು ಬಿಡಿ ಎಂಬ ಒಂದೇ ಕೂಗು. ಗಾಲ್‌ನಲ್ಲೂ ಮಾತರದಲ್ಲೂ ಹೀಗೇ ನಡೆಯುತ್ತಿದೆಯೆಂದು ಮೊಬೈಲಿನಲ್ಲಿ ಸುದ್ದಿ. ಕೊನೆಗೆ ರೈಲು ಹೊರಡುತ್ತದೆ. ಬಾಗಿಲಿಗೆ ಜೋತುಬಿದ್ದವರು, ಬೋಗಿಗಳ ನಡುವಿನ ಕೊಂಡಿಯ ಮೇಲೆ ಕೂತವರು. ನನ್ನ ಒಂದು ಚಪ್ಪಲಿ ಕ್ಯಾಂಡಿಯಲ್ಲೇ ಉಳಿಯಿತು, ಬೋಗಿಯವರು ಎಲ್ಲಿಂದಲೋ ಒಂದು ಜೊತೆ ಸ್ಲಿಪ್ಪರ್ ಹುಡುಕಿ ಕೊಡುತ್ತಾರೆ. ಬಿಳಿ ಸೀರೆಯ ಅಜ್ಜಿಯೊಬ್ಬರು ಎಲ್ಲರಿಗೂ ಒಂದೊಂದು ಬಾಳೆಹಣ್ಣು ಹಂಚುತ್ತಾರೆ. ಪ್ರತಿ ನಿಲ್ದಾಣದಲ್ಲೂ ನೀರಿನ ಬಾಟಲಿ ಹಿಡಿದು ಜನ ಕಾದಿದ್ದಾರೆ.

ಕೋಟೆ ನಿಲ್ದಾಣದಿಂದ ಆ ಜನಪ್ರವಾಹದಲ್ಲಿ ನಡೆಯುವುದಲ್ಲ, ತೇಲುವುದು. ಚಾಥಮ್ ಬೀದಿಯಲ್ಲಿ ಅಶ್ರುವಾಯು ಸಿಡಿಯುತ್ತದೆ. ಕಣ್ಣು ಉರಿ, ಗಂಟಲು ಕಟ್ಟುತ್ತದೆ, ಯಾರೋ ಮುಖಕ್ಕೆ ನೀರು ಸುರಿಯುತ್ತಾರೆ. ಜನ ಹಿಂದೆ ಸರಿಯುತ್ತಾರೆ, ಮತ್ತೆ ಮುಂದೆ ಬರುತ್ತಾರೆ. ಭಿಕ್ಖುಗಳು, ಕ್ರೈಸ್ತ ಸನ್ಯಾಸಿನಿಯರು, ಮೀನುಗಾರರು, ಬ್ಯಾಂಕಿನ ನೌಕರರು. ನಮ್ಮ ಬೌಲರುಗಳ ನಿದ್ದೆಗೆಡಿಸಿದ್ದ ಸನತ್ ಜಯಸೂರ್ಯ ಕೂಡ ಅಂದು ಬೀದಿಯಲ್ಲಿದ್ದರು. ಅದೇ ಹೊತ್ತಿಗೆ ಗಾಲ್‌ನಲ್ಲಿ ಆಸ್ಟ್ರೇಲಿಯಾದೆದುರು ಟೆಸ್ಟ್ ಪಂದ್ಯ ನಡೆಯುತ್ತಿತ್ತು, ಕೋಟೆಗೋಡೆಯ ಮೇಲೆ ಪ್ರತಿಭಟನೆಯ ಬಾವುಟಗಳು ಹಾರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರ ಅರಮನೆಯ ಗೇಟು ತೆರೆದುಕೊಂಡಿತು. ಗೊಟಬಯ ಅಷ್ಟರಲ್ಲೇ ಅಲ್ಲಿಂದ ಜಾಗ ಖಾಲಿ ಮಾಡಿದ್ದರು.

ಮರುದಿನ ಅರಮನೆ ನೋಡಲು ಹೋಗುತ್ತೇನೆ. ಅದಕ್ಕೂ ಕ್ಯೂ! ಅಮ್ಮಂದಿರು ಮಕ್ಕಳಿಗೆ ಹಬ್ಬದ ಬಟ್ಟೆ ಹಾಕಿ ಕರೆತಂದಿದ್ದಾರೆ. ಸ್ವಯಂಸೇವಕ ಹುಡುಗರು ಮೆಟ್ಟಿಲ ಬಳಿ ನಿಂತು, ಏನನ್ನೂ ಒಡೆಯಬೇಡಿ, ಇದು ನಮ್ಮದು ಎನ್ನುತ್ತಿದ್ದಾರೆ. ಈಜುಕೊಳ, ವ್ಯಾಯಾಮದ ಯಂತ್ರಗಳು, ಪಿಯಾನೊ. ಮೈಸೂರು ಅರಮನೆಗೆ ದಸರೆಯಲ್ಲಿ ಬರುವ ಜನರ ಹಾಗೆಯೇ ಇವರೂ ತಲೆಯೆತ್ತಿ ದೀಪಗುಚ್ಛ ನೋಡುತ್ತಾರೆ, ಆದರೆ ಇವರ ಮುಖದಲ್ಲಿ ಒಡೆಯರ ಗತ್ತಿದೆ. ಒಳಗೆ ಸಿಕ್ಕ 1.78 ಕೋಟಿ ರೂಪಾಯಿ ನಗದನ್ನು ಎಣಿಸಿ ಪೊಲೀಸರಿಗೆ ಒಪ್ಪಿಸಿದ್ದರು ಈ ಹುಡುಗರು. ಮನೆಯಲ್ಲಿ ಅನ್ನವಿಲ್ಲದ ಕಾಲದಲ್ಲಿ! ಪ್ರಧಾನಿಯ ನಿವಾಸ 'ಟೆಂಪಲ್ ಟ್ರೀಸ್'ನಲ್ಲಿ ಯುವಕರು ದೊಡ್ಡ ಮೇಜಿನ ಸುತ್ತ ಕೂತು ಐಎಂಎಫ್ ಜೊತೆ ಮಾತುಕತೆ ನಡೆಸುವ ಅಣಕು ಸಭೆ ಮಾಡಿದರು. ಅಂಗಳದಲ್ಲಿ ಸೌದೆ ಒಲೆ ಹೂಡಿ ಬಂದವರಿಗೆಲ್ಲ ಅನ್ನ ಬೇಯಿಸಿದರು.

ಕಳಂಕವೂ ಇದೆ, ಅದನ್ನು ಮುಚ್ಚಿಡಬಾರದು. ಜುಲೈ 9ರ ರಾತ್ರಿ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರ ಸ್ವಂತ ಮನೆಗೆ ಬೆಂಕಿ ಬಿತ್ತು, ಅವರ ಪುಸ್ತಕಗಳೂ ಸುಟ್ಟವು. ಮೇ 9ರಂದು, ಆಗಿನ ಪ್ರಧಾನಿ ಮಹಿಂದ ರಾಜಪಕ್ಸರ ಬೆಂಬಲಿಗರು ದೊಣ್ಣೆ ಹಿಡಿದು ಬಂದು ಗೊಟಗೋಗಮದ ಡೇರೆಗಳನ್ನು ಸುಟ್ಟರು. ಅದಕ್ಕೆ ಸೇಡಾಗಿ ಆ ದಿನ ದೇಶದಾದ್ಯಂತ ರಾಜಕಾರಣಿಗಳ ಮನೆಗಳು ಉರಿದವು, ಒಬ್ಬ ಸಂಸದರೂ ಕೊಲೆಯಾದರು. ಮಹಿಂದ ರಾಜೀನಾಮೆ ಕೊಟ್ಟದ್ದೂ ಅಂದೇ. ಬಯಲಿನ ಜನ ಮಾತ್ರ ಸುಟ್ಟ ಕಂಬಗಳನ್ನು ಪಕ್ಕಕ್ಕಿಟ್ಟು ಮತ್ತೆ ಡೇರೆ ಕಟ್ಟಿದ್ದರು. ಪ್ರತೀಕಾರಕ್ಕಿಂತ ಆ ತಾಳ್ಮೆಯೇ ಹೆಚ್ಚು ಗೆದ್ದಿತು.

ನಾನು ಊರು ಸೇರಿದ ಮೇಲೆ ಸುದ್ದಿಗಳು ಬರುತ್ತಲೇ ಇದ್ದವು. ಜುಲೈ 13ರಂದು ಗೊಟಬಯ ಮಾಲ್ಡೀವ್ಸ್‌ಗೆ, ಅಲ್ಲಿಂದ ಸಿಂಗಪುರಕ್ಕೆ ಹೋದರು. ಮರುದಿನ ಚಳವಳಿಗಾರರು ಅರಮನೆಯನ್ನು ತಾವಾಗಿಯೇ ಬಿಟ್ಟುಕೊಟ್ಟರು. 15ರಂದು ಅಧ್ಯಕ್ಷರ ರಾಜೀನಾಮೆಯನ್ನು ಸ್ಪೀಕರ್ ಪ್ರಕಟಿಸಿದರು. ಸಂಸತ್ತು 134 ಮತಗಳಿಂದ ರನಿಲ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 22ರ ನಸುಕಿನಲ್ಲಿ ಸೈನ್ಯ ಗಾಲ್ ಫೇಸ್‌ಗೆ ನುಗ್ಗಿ ಡೇರೆಗಳನ್ನು ಕಿತ್ತಿತು. ಅಂದೇ ಮಧ್ಯಾಹ್ನ ಅಧ್ಯಕ್ಷರ ಕಾರ್ಯಾಲಯ ಖಾಲಿ ಮಾಡುತ್ತೇವೆಂದು ಹುಡುಗರು ಮೊದಲೇ ಹೇಳಿದ್ದರು. ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ 70ರ ಅಂಚು ಮುಟ್ಟಿತು. 2023ರ ಮಾರ್ಚಿನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ಸಾಲ ಒಪ್ಪಿತು, ಅದರೊಂದಿಗೆ ತೆರಿಗೆಯ ಭಾರವೂ ಬಂತು. ಆ ಸಂಕಟದ ವರ್ಷ ಭಾರತ ಕೊಟ್ಟ ಸುಮಾರು 400 ಕೋಟಿ ಡಾಲರ್ ನೆರವನ್ನು ಬಂಬಲಪಿಟಿಯದ ಅಕ್ಕ ಪ್ರತಿ ಫೋನಿನಲ್ಲೂ ನೆನೆಯುತ್ತಾರೆ.

ಡೇರೆ ಕಿತ್ತರೂ ಪ್ರಶ್ನೆಯನ್ನು ಕೀಳಲಾಗಲಿಲ್ಲ. ಒಲಿಂಪಿಕ್ ಈಜುಗಾರ ಜೂಲಿಯನ್ ಬೋಲಿಂಗ್, ಸಿಲೋನ್ ವಾಣಿಜ್ಯ ಮಂಡಳಿಯ ಮಾಜಿ ಅಧ್ಯಕ್ಷ ಚಂದ್ರ ಜಯರತ್ನೆ ಮೊದಲಾದವರು ಸುಪ್ರೀಂ ಕೋರ್ಟಿನ ಕದ ತಟ್ಟಿದ್ದರು. 2023ರ ನವೆಂಬರ್ 14ರಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಗೊಟಬಯ, ಮಹಿಂದ, ಬೆಸಿಲ್ ರಾಜಪಕ್ಸ ಸೋದರರು ಮತ್ತು ಇತರ ಉನ್ನತ ಅಧಿಕಾರಸ್ಥರು ಜನರ ನಂಬಿಕೆಗೆ ದ್ರೋಹ ಬಗೆದು ಆರ್ಥಿಕ ಕುಸಿತಕ್ಕೆ ಕಾರಣರಾದರು ಎಂದಿತು. 2024ರ ಸೆಪ್ಟೆಂಬರಿನಲ್ಲಿ ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾದರು. 2019ರಲ್ಲಿ ಅವರಿಗೆ ಸಿಕ್ಕಿದ್ದು ಶೇ 3ರಷ್ಟು ಮತ, ಈ ಸಲ ಶೇ 42. ನವೆಂಬರಿನ ಸಂಸತ್ ಚುನಾವಣೆಯಲ್ಲಿ ಅವರ ಕೂಟ 225ರಲ್ಲಿ 159 ಸ್ಥಾನ ಗೆದ್ದಿತು. ತಮಿಳರ ಜಾಫ್ನಾ ಜಿಲ್ಲೆಯಲ್ಲೂ ಅದೇ ಮುಂದೆ ಬಂತು. ಹಿಂದೆ ಇಂಥದ್ದು ಯಾವ ದಕ್ಷಿಣದ ಪಕ್ಷಕ್ಕೂ ಒಲಿದಿರಲಿಲ್ಲ. ಕಿಲಿನೊಚ್ಚಿಯ ತಾಯಂದಿರಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಹೊಸ ಸರ್ಕಾರವನ್ನು ಜನ ಅಳೆಯುವ ಕೋಲು ಅದೇ ಆಗಬೇಕು.

ಕೊಲಂಬೊಗೆ ಹೋಗಿ ಬನ್ನಿ. ಗಾಲ್ ಫೇಸ್‌ನಲ್ಲಿ ಕೂತು ಪಕ್ಕದವರನ್ನು ಮಾತಾಡಿಸಿ, 2022ರಲ್ಲಿ ಯಾವ ಸಾಲಿನಲ್ಲಿ ನಿಂತಿದ್ದಿರಿ ಎಂದು ಕೇಳಿ. ಪ್ರತಿಯೊಬ್ಬರಲ್ಲೂ ಒಂದು ಕಥೆಯಿದೆ. ತಿರುಗಿ ಬಂದ ಮೇಲೆ, ನಿಮ್ಮೂರಿನ ಜಿಲ್ಲಾಧಿಕಾರಿ ಕಚೇರಿಯೆದುರು ಅಂಗನವಾಡಿಯ ಅಕ್ಕಂದಿರೋ ಕಬ್ಬಿನ ಬಾಕಿ ಕೇಳುವ ರೈತರೋ ಧರಣಿ ಕೂತಿದ್ದರೆ ಗಾಡಿ ನಿಲ್ಲಿಸಿ, ಯಾಕೆ ಕೂತಿದ್ದೀರಿ ಎಂದು ವಿಚಾರಿಸಿ. ಅವರ ಕಷ್ಟ ನಮಗೆ ಗೊತ್ತಾಗದ ಹೊರತು ನಾವು ಯಾರೂ ಒಂದೇ ಊರಿನವರಾಗುವುದಿಲ್ಲ.